ಟ್ರೋ ಬ್ರೋ ಲೆಯೋನ್: ಬಂಡಿದಾರಿಯ ಈ ಸೈಕಲ್ ರೇಸಿಗೂ ಹಳ್ಳಿ ಶಾಲೆಗೂ ಏನು ನಂಟು?

ದ್ರಾಕ್ಷಿತೋಟ (ಚಿಕ್ಕಬಳ್ಳಾಪುರ ತಾಲ್ಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ನಂದಿ ಬೆಟ್ಟದ ಬುಡದಲ್ಲಿ, ಕುಡುವತಿ ಕಡೆ ಒಂದು ಹಳ್ಳಿ. ಭಾನುವಾರ ಬೆಳಗಾದರೆ ಬೆಟ್ಟ ಹತ್ತಲು ಬೆಂಗಳೂರಿನಿಂದ ಸೈಕಲ್ ಸವಾರರು ಸಾಲಾಗಿ ಬರುತ್ತಾರೆ. ಅವರನ್ನು ನೋಡಿ ನಾನೂ ತುಳಿಯಲು ಶುರು ಮಾಡಿದೆ. ಈಗ ಮೂರು ವರ್ಷವಾಯಿತು.

ಮೊನ್ನೆ ಮೊಬೈಲಿನಲ್ಲಿ ಫ್ರಾನ್ಸಿನ ಒಂದು ರೇಸ್ ನೋಡಿದೆ. ಹೆಸರು ಟ್ರೋ ಬ್ರೋ ಲೆಯೋನ್. ಅಷ್ಟು ದುಬಾರಿ ಸೈಕಲ್ಲುಗಳು ಹೊಲದ ಮಧ್ಯದ ಮಣ್ಣು ದಾರಿಗೆ ಇಳಿದುಬಿಟ್ಟವು! ಎರಡು ಚಕ್ರದ ಜಾಡು, ನಡುವೆ ಹುಲ್ಲು. ಥೇಟ್ ನಮ್ಮ ತೋಟದ ದಾರಿ. ಕೊನೆಗೆ ಒಬ್ಬ ಸವಾರನ ಕೈಗೆ ಜೀವಂತ ಹಂದಿಮರಿ ಕೊಟ್ಟರು. ಇದು ಹಳ್ಳಿ ಶಾಲೆಗಾಗಿ ಹುಟ್ಟಿದ ರೇಸ್ ಅಂತ ಯಾರೋ ಕೆಳಗೆ ಬರೆದಿದ್ದರು. ನಿಜವಾ? ಚರಿತ್ರೆ ಗೊತ್ತಿರುವವರು ಹೇಳಿ. ಕೇಳುವುದಕ್ಕೆ ಕಾರಣವಿದೆ, ಆಮೇಲೆ ಹೇಳುತ್ತೇನೆ.

ಶಿಡ್ಲಘಟ್ಟದ ಮೇಷ್ಟ್ರು:

ನಿಜ ಕಣಪ್ಪ. ಈ ರೇಸ್ ಅಂದರೆ ನನಗೆ ತುಂಬಾ ಪ್ರೀತಿ. ನಮ್ಮ ಮಗಳು ಬ್ರೆಸ್ಟ್ ಊರಿನಲ್ಲಿ ಓದುತ್ತಿದ್ದಾಗ, 2018ರಲ್ಲಿ, ಕಣ್ಣಾರೆ ನೋಡಿ ಬಂದಿದ್ದೇನೆ. ಕ್ರಿಸ್ಟೋಫ್ ಲಾಪೋರ್ಟ್ ಗೆದ್ದ ವರ್ಷ ಅದು.

ಫ್ರಾನ್ಸಿನ ಪಶ್ಚಿಮದ ತುದಿಯಲ್ಲಿ ಕಡಲೊಳಗೆ ಚಾಚಿಕೊಂಡಿರುವ ನೆಲ ಬ್ರಿಟನಿ. ಬ್ರಿಟನ್ ಅಲ್ಲ, ಬ್ರಿಟನಿ. ಅದರಲ್ಲೂ ತುದಿಯ ಜಿಲ್ಲೆಯ ಹೆಸರೇ ಫಿನಿಸ್ಟೇರ್, ಅಂದರೆ ನೆಲದ ಕೊನೆ. ಅಲ್ಲಿನ ಒಂದು ಸೀಮೆ ಲೆಯೋನ್. ‘ಟ್ರೋ ಬ್ರೋ ಲೆಯೋನ್’ ಅಂದರೆ ಲೆಯೋನ್ ಸೀಮೆಯ ಸುತ್ತು. ಇದು ಫ್ರೆಂಚ್ ಅಲ್ಲ, ಬ್ರೆಟನ್ ಭಾಷೆ. ಚರಿತ್ರೆಯೆಲ್ಲಾ ಆ ಭಾಷೆಯಿಂದಲೇ ಶುರುವಾಗುತ್ತದೆ.

ಒಂದು ಕಾಲದಲ್ಲಿ ಅಲ್ಲಿನ ಶಾಲೆಗಳಲ್ಲಿ ಮಕ್ಕಳು ಬ್ರೆಟನ್ ಮಾತಾಡಿದರೆ ಶಿಕ್ಷೆ. ಕೊರಳಿಗೆ ಮರದ ಚಪ್ಪಲಿ ಕಟ್ಟುತ್ತಿದ್ದರು. ಇನ್ನೊಬ್ಬ ಹುಡುಗ ಬ್ರೆಟನ್ ಮಾತಾಡಿ ಸಿಕ್ಕಿಬೀಳುವವರೆಗೂ ಅದು ಇವನ ಕೊರಳಲ್ಲೇ. ಮೂವತ್ತು ವರ್ಷ ಪಾಠ ಮಾಡಿದವನು ನಾನು, ಇದನ್ನು ಕೇಳಿದಾಗ ಹೊಟ್ಟೆ ಕಿವುಚಿದಂತಾಯಿತು. ಹಾಗೆ ಬೆಳೆದವರು ತಮ್ಮ ಮಕ್ಕಳ ಹತ್ತಿರ ಮನೆಯಲ್ಲೂ ಫ್ರೆಂಚನ್ನೇ ಆಡಿದರು. ಭಾಷೆ ಅಜ್ಜ ಅಜ್ಜಿಯರ ಬಾಯಲ್ಲಿ ಮಾತ್ರ ಉಳಿಯಿತು.

1977ರಲ್ಲಿ ಕೆಲವರು ಸೇರಿ ಬ್ರೆಟನ್ನಿನಲ್ಲೇ ಕಲಿಸುವ ಶಾಲೆ ತೆರೆದರು. ಹೆಸರು ದಿವಾನ್. ನಮಗೆ ದಿವಾನರು ಅಂದರೆ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಅವರ ಭಾಷೆಯಲ್ಲಿ ದಿವಾನ್ ಅಂದರೆ ಮೊಳಕೆ! ಮೊದಲ ಶಾಲೆ ಇದೇ ಲೆಯೋನ್ ಸೀಮೆಯಲ್ಲಿ. ದುಡ್ಡಿಗೆ ಮಾತ್ರ ಕಷ್ಟ. ಆಗ ಲಾನಿಲಿಸ್ ಎಂಬ ಊರಿನಲ್ಲಿ ಜ್ಯಾಂ-ಪೋಲ್ ಮೆಲುವೆ ಅನ್ನುವವರು ಶಾಲೆಗೆ ಹಣ ಕೂಡಿಸಲು 1984ರಲ್ಲಿ ಒಂದು ಸೈಕಲ್ ರೇಸ್ ಇಟ್ಟರು. ಅದೇ ಇದು.

ಮೊದಮೊದಲು ಹವ್ಯಾಸಿಗಳ ರೇಸ್. ಆಮೇಲೆ ವೃತ್ತಿಪರರು ಬಂದರು. 2001ರಲ್ಲಿ ಜಾಕಿ ದುರಾಂ ಗೆದ್ದರು, 1992ರಲ್ಲಿ ಬೆಲ್ಜಿಯಂನ ದೊಡ್ಡ ರೇಸ್ ಫ್ಲ್ಯಾಂಡರ್ಸ್ ಗೆದ್ದಿದ್ದವರು. ಸಾಮ್ಯುಯೆಲ್ ದ್ಯುಮುಲ್ಯಾಂ 2003, 2004 ಎರಡೂ ವರ್ಷ ಗೆದ್ದರು. 2008ರಲ್ಲಿ ಗೆದ್ದ ಫ್ರೆಡೆರಿಕ್ ಗೆದೋಂ ಬ್ರಿಟನಿಯ ಮಗನೇ. ಆತ 1997ರಲ್ಲಿ ಪ್ಯಾರಿಸ್-ರೂಬೆ ಗೆದ್ದವನು, ಉತ್ತರ ಫ್ರಾನ್ಸಿನ ಕಲ್ಲು ಹಾಸಿನ ದಾರಿಗಳ ಹೆಸರಾಂತ ರೇಸ್ ಅದು. 2012ರಲ್ಲಿ ಕೆನಡಾದ ರಯಾನ್ ರಾತ್, 2021ರಲ್ಲಿ ಇಂಗ್ಲೆಂಡಿನ ಕಾನರ್ ಸ್ವಿಫ್ಟ್. 2020ರಲ್ಲಿ ಕೊರೊನಾದಿಂದ ರೇಸ್ ನಡೆಯಲಿಲ್ಲ.

ನೀನು ಕಂಡ ಮಣ್ಣು ದಾರಿಗೆ ಅವರು ‘ರಿಬಿನ್’ ಅನ್ನುತ್ತಾರೆ. ಹೊಲಕ್ಕೆ ಹೋಗುವ ಬಂಡಿದಾರಿ. ಸುಮಾರು 200 ಕಿಲೋಮೀಟರಿನ ರೇಸಿನಲ್ಲಿ ಇಂಥವು ಇಪ್ಪತ್ತಕ್ಕೂ ಜಾಸ್ತಿ. ಮಳೆ ಬಂದರೆ ಕೆಸರು, ಬಿಸಿಲಾದರೆ ಧೂಳು, ಯಾವಾಗಲೂ ಪಂಕ್ಚರ್. ನಾನು ನಿಂತಿದ್ದ ರಿಬಿನ್ ಪಕ್ಕದಲ್ಲಿ ತಂಡದವರು ಗಾಳಿ ತುಂಬಿದ ಚಕ್ರಗಳನ್ನು ತಲೆಯ ಮೇಲೆ ಎತ್ತಿ ಹಿಡಿದು ಕಾಯುತ್ತಿದ್ದರು. ಅವರ ಹಿಂದೆ ರೈತರ ಮನೆಯವರು, ಕೈಯಲ್ಲಿ ಬ್ರಿಟನಿಯ ಕಪ್ಪು ಬಿಳುಪು ಪಟ್ಟೆಯ ಬಾವುಟ. ಗುಂಪು ಹಾದುಹೋದಾಗ ಕಲ್ಲು ಸಿಡಿದು ನನ್ನ ಕಾಲಿಗೆ ಬಡಿಯಿತು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಇದನ್ನು ಪಶ್ಚಿಮದ ಪ್ಯಾರಿಸ್-ರೂಬೆ ಅನ್ನುತ್ತಾರೆ. ಆ ಹಳೆಯ ರೇಸ್ 1896ರದು. 1960ರ ದಶಕದಲ್ಲಿ ಅಲ್ಲಿನ ಕಲ್ಲು ಹಾಸಿನ ದಾರಿಗಳಿಗೆ ಒಂದೊಂದಾಗಿ ಡಾಂಬರು ಬಿತ್ತು. ರೇಸಿನವರು ಹಳೇ ದಾರಿ ಹುಡುಕಿಕೊಂಡು ಅಲೆದರು. 1968ರಲ್ಲಿ ಆರೆಂಬರ್ಗ್ ಕಾಡಿನ ದಾರಿ ಸೇರಿಸಿದರು. ದಾರಿ ತೋರಿಸಿಕೊಟ್ಟ ಜ್ಯಾಂ ಸ್ತಾಬ್ಲಿನ್ಸ್ಕಿ ಅದೇ ಕಡೆಯ ಗಣಿಯಲ್ಲಿ ದುಡಿದವರು. ಊರಿನವರಿಗೆ ಅವಮಾನ ಅನ್ನಿಸಿದ್ದ ದಾರಿಯೇ ರೇಸಿನ ಆಸ್ತಿಯಾಯಿತು.

ಹಂದಿಮರಿ ವಿಷಯ. ಅದು ಗೆದ್ದವನಿಗಲ್ಲ. ಬ್ರಿಟನಿಯ ಸವಾರರಲ್ಲಿ ಯಾರು ಮೊದಲು ಬರುತ್ತಾನೋ ಅವನಿಗೆ. ಒಟ್ಟಿನಲ್ಲಿ ಹತ್ತನೆಯವನಾದರೂ ಸರಿ. ಫ್ರಾನ್ಸಿನ ಹಂದಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಕುವುದು ಬ್ರಿಟನಿಯಲ್ಲೇ. ನಮ್ಮ ಕಡೆ ಕುಸ್ತಿಯಲ್ಲಿ ಟಗರು ಕೊಡುವುದಿಲ್ಲವಾ, ಹಾಗೆ.

ಚಿಂತಾಮಣಿಯ ಅಕ್ಕ:

ಮೇಷ್ಟ್ರೇ, ಮರದ ಚಪ್ಪಲಿ ಕಥೆ ಓದಿ ಸುಮ್ನೆ ಇರಲಾಗಲಿಲ್ಲ. ನಮ್ಮ ಮನೆ ಮಾತು ತೆಲುಗು. ಕನ್ನಡ ಕಲಿತಿದ್ದು ಊರಿನ ಸರ್ಕಾರಿ ಶಾಲೆಯಲ್ಲಿ. ನಮ್ಮ ಮೇಡಂ ತೆಲುಗಿನಲ್ಲಿ ಕಥೆ ಹೇಳಿ ಅದನ್ನೇ ಕನ್ನಡದಲ್ಲಿ ಬರೆಸುತ್ತಿದ್ದರು. ಯಾವ ಭಾಷೆಗೂ ಬೈಯಲಿಲ್ಲ. ಈಗ ಆ ಶಾಲೆಯಲ್ಲಿ 14 ಮಕ್ಕಳು.

ದ್ರಾಕ್ಷಿತೋಟ ತಮ್ಮಾ, ನಿನ್ನ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಾಯಿತು. ಒಂದು ಮಾತು. ಬಂಡಿದಾರಿ ಇದೆ ಅಂತ ನಂಬಿ ಹೊರಡಬೇಡ. ಮೊದಲು ಗ್ರಾಮ ನಕಾಶೆ ತೆಗೆಸು. ಅದರಲ್ಲಿ ಬಂಡಿದಾರಿಗೆ ಎರಡು ಚುಕ್ಕಿಗೆರೆ, ಕಾಲುದಾರಿಗೆ ಒಂದು. ನಮ್ಮ ತೋಟದ ನಕಾಶೆ ದಾರಿಯನ್ನು ಒಬ್ಬರು ಉತ್ತುಬಿಟ್ಟರು. ಬಿಡಿಸಿಕೊಳ್ಳಲು ನಮ್ಮಪ್ಪ ಆರು ವರ್ಷ ಓಡಾಡಿದರು.

ದ್ರಾಕ್ಷಿತೋಟ:

ಹೌದು ಅಕ್ಕಾ, ನೀವು ಅಂದುಕೊಂಡಿದ್ದೇ. ನಮ್ಮೂರ ಶಾಲೆಗೆ ಒಂದು ಕೋಣೆ ಬೇಕು, ಮಕ್ಕಳು ಜಗಲಿಯಲ್ಲಿ ಕೂರುತ್ತಾರೆ. ಭಾನುವಾರ ಬರುವ ಅಷ್ಟು ಸವಾರರು ಬೆಟ್ಟ ಹತ್ತಿ, ಇಳಿದು, ಹೊರಟುಬಿಡುತ್ತಾರೆ. ಒಂದು ದಿನ ನಮ್ಮ ಹೊಲಗಳ ಕಡೆ ತಿರುಗಿದರೆ ಆಗುವುದಿಲ್ಲವಾ ಅನ್ನಿಸಿತ್ತು.

ನಕಾಶೆ ತಂದೆ. ಇವತ್ತು ಬೆಳಗ್ಗೆ ಆರಕ್ಕೆ ಹೊರಟು ಎಲ್ಲಾ ತುಳಿದು ನೋಡಿದೆ. ನಕಾಶೆಯಲ್ಲಿ ಏಳು ಬಂಡಿದಾರಿ. ನಾಲ್ಕು ಚೆನ್ನಾಗಿವೆ. ಒಂದಕ್ಕೆ ಅಡ್ಡ ಕಲ್ಲುಕೂಚ ನೆಟ್ಟು ತಂತಿ ಎಳೆದಿದ್ದಾರೆ. ಎರಡು ಲಂಟಾನ ಬೆಳೆದು ಮುಚ್ಚಿಹೋಗಿವೆ. ಹಿಪ್ಪುನೇರಳೆ ತೋಟದ ಪಕ್ಕದ್ದು ಎಲ್ಲಕ್ಕಿಂತ ಚಂದ. ಎರಡು ಜಾಡು, ನಡುವೆ ಹುಲ್ಲು, ಎದುರಿಗೆ ಬೆಟ್ಟ.

ಎರಡು ಸಲ ಪಂಕ್ಚರ್ ಆಯಿತು. ನನ್ನದು 25 ಮಿಲಿಮೀಟರ್ ಟೈರು.

ಶಿಡ್ಲಘಟ್ಟದ ಮೇಷ್ಟ್ರು:

25 ಬೇಡಪ್ಪ. ಲಾನಿಲಿಸ್‌ಗೆ ಬರುವವರೂ ಅಗಲದ ಟೈರು ಹಾಕಿ ಗಾಳಿ ಇಳಿಸಿಕೊಳ್ಳುತ್ತಾರೆ. 32 ಹಿಡಿಸುತ್ತದಾ ನೋಡು. ಹಿಡಿಸದಿದ್ದರೆ 28. ಜಾಲಿ ಮುಳ್ಳಿನ ಕಡೆ ಟ್ಯೂಬಿನೊಳಗೆ ಪಂಕ್ಚರ್ ದ್ರವ ಹಾಕಿಸಿಕೋ.

ಮೊದಲ ವರ್ಷ ರೇಸ್ ಅನ್ನಬೇಡ. ಸವಾರಿ ಅನ್ನು. ಊರಿನ ಹಿರಿಯರನ್ನು, ತೋಟದವರನ್ನು ಕೇಳಿಯೇ ಹೆಜ್ಜೆ ಇಡು. ಕಲ್ಲುಕೂಚದವರ ಜೊತೆ ಜಗಳ ಬೇಡ. ನಾನೇ ಬಂದು ಮಾತಾಡುತ್ತೇನೆ. ಅವರ ಮಕ್ಕಳೂ ನಿಮ್ಮೂರ ಶಾಲೆಯಲ್ಲೇ ಓದಿರಬೇಕು, ಅಲ್ವಾ?

ದ್ರಾಕ್ಷಿತೋಟ:

ಓದಿದ್ದಾರೆ ಸಾರ್. ಅವರ ದೊಡ್ಡ ಮಗ ನನ್ನ ಬೆಂಚಿನಲ್ಲೇ ಕೂರುತ್ತಿದ್ದ.

ಮುಂದಿನ ಭಾನುವಾರ ಬೆಳಗ್ಗೆ ಆರಕ್ಕೆ ಶಾಲೆ ಗೇಟಿನ ಹತ್ತಿರ ಸೇರೋಣ. ಮೊದಲು ಲಂಟಾನ ಕಡಿಯುವ ಕೆಲಸ. ಮಚ್ಚು, ಗುದ್ದಲಿ ನಮ್ಮಲ್ಲಿವೆ. ಸೈಕಲ್ ತರುವವರು ಒಂದು ಟ್ಯೂಬು ಜಾಸ್ತಿ ತನ್ನಿ. ತಿಂಡಿ ನಮ್ಮ ಮನೆಯಲ್ಲಿ.