ಹೋಗೋಕೆ ಏಳು ಗಂಟೆ, ಬರೋಕೆ ಎರಡೇ ಗಂಟೆ

ನಮ್ಮ ಗೌಡ್ರ ಮಗಳು ಸಿಂಗಪುರದಲ್ಲಿದ್ದಾಳೆ. ಮೊನ್ನೆ ವಾಟ್ಸಾಪ್‌ನಲ್ಲಿ ಅಪ್ಪನಿಗೆ ಟಿಕೆಟ್ ಕಳಿಸಿದ್ದಾಳೆ. ಅವತ್ತು ಸಂಜೆ ಹಾಸನದ ನಮ್ಮ ಮಾಮೂಲಿ ಹೋಟೆಲಲ್ಲಿ ಕಾಫಿ ಬರುವ ಮುಂಚೆಯೇ ಜಗಳ ಶುರು.

‘ರಾತ್ರಿ 11ಕ್ಕೆ ಬೆಂಗಳೂರು ಬಿಟ್ಟು ಬೆಳಿಗ್ಗೆ 6ಕ್ಕೆ ಇಳಿಸ್ತಾನೆ. ಬರುವಾಗ ರಾತ್ರಿ 8ಕ್ಕೆ ಹೊರಟು 10ಕ್ಕೆಲ್ಲಾ ಬೆಂಗಳೂರು! ಬರುವಾಗ ಇಳಿಜಾರು ಇರ್ಬೇಕು ಕಣ್ರಯ್ಯ’ ಅಂದರು ಗೌಡ್ರು. ಶಿರಾಡಿ ಘಾಟಿ ಇಳಿದು ಹತ್ತಿದವರ ಲೆಕ್ಕ ಅದು, ತಪ್ಪು ಹೇಳುವಂತಿಲ್ಲ.

ನಿವೃತ್ತ ಭೂಗೋಳದ ಮೇಷ್ಟ್ರು ಇಂಥ ಅವಕಾಶಕ್ಕೇ ಕಾಯುತ್ತಿರುತ್ತಾರೆ. ‘ದೂರ ಸುಮಾರು 3,200 ಕಿಲೋಮೀಟರ್. ಹೋಗೋಕೂ ಬರೋಕೂ ಹತ್ತಿರ ಹತ್ತಿರ ನಾಲ್ಕೂವರೆ ಗಂಟೆಯೇ. ಅವರ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಅಷ್ಟೇ’ ಅಂದರು.

‘ಅಂದ್ರೆ ಹೋಗುವಾಗ ಎರಡೂವರೆ ಗಂಟೆ ಅಡ ಇಟ್ಟು, ಬರುವಾಗ ಬಿಡಿಸ್ಕೊಂಡು ಬರೋದು. ಬಡ್ಡಿ ಇಲ್ವಾ?’

‘ಇಲ್ಲ.’

‘ಬಡ್ಡಿ ಇಲ್ದೆ ಯಾರ್ರೀ ಕೊಡ್ತಾರೆ?’

ಮೇಷ್ಟ್ರು ಇನ್ನೊಂದು ಹುಳ ಬಿಟ್ಟರು. ಸಿಂಗಪುರದವರದ್ದು ಮೊದಲು ಎರಡು ಗಂಟೆಯೇ ಮುಂದಿತ್ತಂತೆ. 1982ರಲ್ಲಿ ಪಕ್ಕದ ಮಲೇಷ್ಯಾ ಗಡಿಯಾರವನ್ನು ಅರ್ಧ ಗಂಟೆ ಮುಂದೆ ತಳ್ಳಿತು ಅಂತ ಇವರೂ ತಳ್ಳಿದರು. ಅದಕ್ಕೇ ಅಲ್ಲಿ ಸೂರ್ಯ ಹುಟ್ಟುವುದು ವರ್ಷವಿಡೀ ಹೆಚ್ಚುಕಮ್ಮಿ 7ಕ್ಕೆ. ‘ನೀವು ಇಳಿಯುವಾಗ ಇನ್ನೂ ಕತ್ತಲೆ ಗೌಡ್ರೇ.’

‘ಥೂ, 6 ಗಂಟೆಗೆ ಕತ್ತಲೆಯಾ!’

ನಾನೂ ಸುಮ್ನೆ ಇರಲಾರದೆ ಗಾಳಿ ವಿಷಯ ತೆಗೆದೆ. ಬೆಂಗಳೂರಿಂದ ಟೋಕಿಯೋ 6,700 ಕಿಲೋಮೀಟರ್. ಹೋಗೋಕೆ ಎಂಟು ಗಂಟೆ ಆದರೆ ಬರೋಕೆ ಒಂದೂವರೆ ಗಂಟೆ ಜಾಸ್ತಿ. ಯಾಕಂದ್ರೆ ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತೆ, ಹೋಗುವಾಗ ಬೆನ್ನಿಗೆ, ಬರುವಾಗ ಮುಖಕ್ಕೆ. ಗೌಡ್ರ ಮುಖ ಅರಳಿತು. ‘ನೋಡಿದ್ರಾ, ಇಳಿಜಾರು ಇದೆ ಅಂದೆ. ದಿಕ್ಕು ಮಾತ್ರ ಉಲ್ಟಾ ಹೇಳಿದ್ದೆ.’

ಅಲ್ಲಿವರೆಗೂ ಬೋಂಡಾ ಮುಗಿಸುವುದರಲ್ಲೇ ಇದ್ದ ನಮ್ಮ ಕಂಡಕ್ಟರ್ ಮಾವ ಬಾಯಿ ಒರೆಸಿಕೊಂಡರು. ಮೂವತ್ತು ವರ್ಷ ಬೆಂಗಳೂರು ರೂಟಲ್ಲಿ ಟಿಕೆಟ್ ಹರಿದವರು. ‘ಆಕಾಶದ್ದು ಬಿಡಿ, ನೆಲದ್ದು ಹೇಳಿ. ದೇವನಹಳ್ಳಿಗೆ ಇಲ್ಲಿಂದ ಇನ್ನೂರು ಚಿಲ್ಲರೆ ಕಿಲೋಮೀಟರ್. ಚನ್ನರಾಯಪಟ್ಟಣದಲ್ಲಿ ಕಾಫಿಗೆ ಇಪ್ಪತ್ತು ನಿಮಿಷ, ನೆಲಮಂಗಲದಲ್ಲಿ ಜಾಮ್ ಸಿಕ್ಕರೆ ದೇವರೇ ಗತಿ. ಐದು ಗಂಟೆ ಇಟ್ಕೊಳ್ಳಿ. ಮೂರು ಗಂಟೆ ಮುಂಚೆ ಅಲ್ಲಿರ್ಬೇಕು. ಅಂದ್ರೆ ವಿಮಾನ ನೆಲ ಬಿಡೋದ್ರೊಳಗೆ ನಿಮಗೆ ಎಂಟು ಗಂಟೆ ಆಗಿರುತ್ತೆ. ಅಷ್ಟರಲ್ಲಿ ಟೋಕಿಯೋ ಬರುತ್ತಿತ್ತು!’

ಯಾರೂ ಮಾತಾಡಲಿಲ್ಲ. ಲೆಕ್ಕ ಸರಿಯಾಗಿತ್ತು.

‘ಹಂಗಾದ್ರೆ ಮಧ್ಯಾಹ್ನ 3ಕ್ಕೆ ಮನೆ ಬಿಡ್ಬೇಕು. ಗುರುವಾರ ಬೇರೆ. ಒಂದೂವರೆಯಿಂದ 3ರವರೆಗೆ ರಾಹುಕಾಲ’ ಅಂತ ಗೌಡ್ರು ಬೆರಳು ಮಡಚಿದರು. ‘ಸರಿ, ಒಂದಕ್ಕೇ ಹೊರಡ್ತೀನಿ. ಅದಿರ್ಲಿ ಮೇಷ್ಟ್ರೇ, ವಾಪಸ್ ಬರೋ ದಿನ ಸಿಂಗಪುರದ ರಾಹುಕಾಲಕ್ಕೆ ಎರಡೂವರೆ ಗಂಟೆ ಕೂಡಿಸ್ಬೇಕಾ, ಕಳೀಬೇಕಾ?’

ಮೇಷ್ಟ್ರು ಇನ್ನೊಂದು ಕಾಫಿ ಹೇಳಿದರು. ಸಕ್ಕರೆ ಜಾಸ್ತಿ.