ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ ಚರ್ಚ್ ಫೋಟೋಗಳು: ‘ಬಿ.ಎಂ.’ ಅಂದರೆ ಬ್ಯಾಪ್ಟಿಸ್ಟಾ?

ಕಡಲತಡಿ:
ಎಲ್ಲರಿಗೂ ನಮಸ್ಕಾರ. ಮೂಲ್ಕಿ ಕಡೆಯ ನಮ್ಮ ಹಳೇ ಮನೆ ಖಾಲಿ ಮಾಡುವಾಗ ಅಜ್ಜಿಯ ಟ್ರಂಕಿನ ತಳದಲ್ಲಿ ಮೂರು ಫೋಟೋ ಸಿಕ್ಕವು. ಮೂರರಲ್ಲೂ ನಮ್ಮೂರಿನ ಚರ್ಚೇ. ಈಗ ಅಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅಂತ ಬೋರ್ಡಿದೆ, ಭಾನುವಾರ ಮೂವತ್ತು ಜನ ಸೇರಿದರೆ ಜಾಸ್ತಿ.

ಮೊದಲನೆಯದು ಕಂದಾಗಿದೆ, ದಪ್ಪ ರಟ್ಟಿಗೆ ಅಂಟಿಸಿದ್ದಾರೆ. ಮುರಕಲ್ಲಿನ ಗೋಡೆ, ಮುಳಿಹುಲ್ಲಿನ ಮಾಡು, ಬಾಗಿಲಲ್ಲಿ ಒಬ್ಬ ಗಡ್ಡದ ಪಾದ್ರಿ, ಮೆಟ್ಟಿಲ ಮೇಲೆ ಏನೋ ಮಬ್ಬು ಕಲೆ. ಎರಡನೆಯದರಲ್ಲಿ ಮಾಡಿಗೆ ಹಂಚು ಬಂದಿದೆ, ಸುಮಾರು ನಲವತ್ತು ಜನ ಸಾಲಾಗಿ ಕೂತಿದ್ದಾರೆ, ನಡುವೆ ಕುರ್ಚಿಯಲ್ಲಿ ಬಿಳಿಯ ದಂಪತಿ. ಮೂರನೆಯದರಲ್ಲಿ ಆ ನಡುವಿನ ಕುರ್ಚಿಯಲ್ಲಿ ಕೋಟು, ಪಂಚೆ, ಮುಂಡಾಸಿನ ನಮ್ಮವರೇ ಒಬ್ಬರು. ಅದರ ಹಿಂದೆ ಇಂಗ್ಲಿಷಿನಲ್ಲಿ ‘ಬಿ.ಎಂ. ಚರ್ಚ್’ ಅಂತ ಮಾತ್ರ ಬರೆದಿದೆ.

ಅಮೆರಿಕದಲ್ಲಿರುವ ಅಣ್ಣನ ಮಗ ಫ್ಯಾಮಿಲಿ ಗ್ರೂಪಿನಲ್ಲಿ ‘ನಮ್ಮ ಬ್ಯಾಪ್ಟಿಸ್ಟ್ ಮಿಷನ್ ಚರ್ಚ್, 1865’ ಅಂತ ಹಾಕಿಬಿಟ್ಟಿದ್ದಾನೆ. ಇಸವಿ ಎಲ್ಲಿಂದ ಬಂತು ಅಂದರೆ, ರಿಪೇರಿಗೆ ಇಳಿಸಿದ ಹಂಚಿನ ಮೇಲೆ ಅಚ್ಚೊತ್ತಿದೆ, ನಾನೇ ನೋಡಿದ್ದೇನೆ. ಅವನು ಹೇಳಿದ್ದು ಸರೀನಾ?

ಹಂಚಿನಹುಚ್ಚ:
ಎರಡೂ ತಪ್ಪು, ಪಾಪ ಹುಡುಗ. ನಮ್ಮ ಕರಾವಳಿಯಲ್ಲಿ ಬಿ.ಎಂ. ಅಂದರೆ ಬಾಸೆಲ್ ಮಿಷನ್. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನವರು, ಬಂದ ಪಾದ್ರಿಗಳಲ್ಲಿ ಜಾಸ್ತಿ ಜನ ಜರ್ಮನರು. 1834ರಲ್ಲಿ ಮಂಗಳೂರಿಗೆ ಬಂದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗ್, ನಿಘಂಟಿನ ಕಿಟ್ಟೆಲ್ ಎಲ್ಲ ಇದೇ ಮಿಷನ್ನಿನವರು.

ಇನ್ನು 1865. ಅದು ಚರ್ಚ್ ಕಟ್ಟಿದ ವರ್ಷ ಅಲ್ಲ, ಹಂಚು ಸುಟ್ಟ ವರ್ಷವೂ ಅಲ್ಲ! ಮಿಷನ್ನಿನ ಪ್ಲೆಬ್ಸ್ಟ್ ಅನ್ನುವವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆಮೇಲೆ ಎಷ್ಟೋ ದಶಕ ಅದೇ ಇಸವಿಯನ್ನು ಟ್ರೇಡ್‌ಮಾರ್ಕಿನ ಹಾಗೆ ಒತ್ತುತ್ತಾ ಹೋದರು. ಈ ಹಂಚು ನೋಡಿ ತಮ್ಮ ಮನೆಗೆ ನೂರೈವತ್ತು ವರ್ಷ ಅಂತ ಬೀಗುವವರನ್ನು ನಾನು ಕಡಿಮೆ ಅಂದರೂ ಹತ್ತು ಜನ ನೋಡಿದ್ದೇನೆ. ಹಂಚಿನ ಮೇಲೆ ಕಾಮನ್‌ವೆಲ್ತ್ ಅಂತ ಇದೆಯಾ ನೋಡಿ. ಇದ್ದರೆ ಅದು ಮೊದಲ ಮಹಾಯುದ್ಧದ ನಂತರದ್ದು. ಯುದ್ಧದಲ್ಲಿ ಜರ್ಮನರ ಆಸ್ತಿ ಅಂತ ಸರ್ಕಾರ ಕಾರ್ಖಾನೆಗಳನ್ನು ಕಿತ್ತುಕೊಂಡಿತು, ಕೊನೆಗೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು.

ಸಭೆಯ_ಹುಡುಗಿ:
ಬ್ಯಾಪ್ಟಿಸ್ಟರೋ ಅಲ್ಲವೋ ಅಂತ ಗೊತ್ತು ಮಾಡಿಕೊಳ್ಳಲು ಸುಲಭ ದಾರಿ ಇದೆ. ನಿಮ್ಮಜ್ಜಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಆಗಿದ್ದು ಕೂಸಾಗಿದ್ದಾಗಲಾ, ದೊಡ್ಡವರಾದ ಮೇಲಾ? ಬ್ಯಾಪ್ಟಿಸ್ಟರು ಕೂಸುಗಳಿಗೆ ಕೊಡುವುದಿಲ್ಲ, ನಂಬಿ ಬಂದ ದೊಡ್ಡವರನ್ನು ಪೂರ್ತಿ ನೀರಲ್ಲಿ ಮುಳುಗಿಸುತ್ತಾರೆ. ನಮ್ಮ ಬಾಸೆಲ್ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಕೂಸಿನ ತಲೆಗೆ ನೀರು ಹಾಕಿದರೆ ಆಯಿತು. ಹಾಗಂತ ಕನ್ನಡಕ್ಕೂ ಬ್ಯಾಪ್ಟಿಸ್ಟರಿಗೂ ನಂಟೇ ಇಲ್ಲ ಅಂತಲ್ಲ. ಬಂಗಾಳದ ಸೆರಾಂಪುರದಲ್ಲಿದ್ದ ವಿಲಿಯಂ ಕೇರಿ ಬ್ಯಾಪ್ಟಿಸ್ಟ್. 1817ರಲ್ಲಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದರು.

ಮೂರನೇ ಫೋಟೋದ ಬಗ್ಗೆ: 1914ರ ನಂತರ ಜರ್ಮನ್ ಪಾದ್ರಿಗಳನ್ನು ಹಿಡಿದು ಅಹಮದ್‌ನಗರದ ಕ್ಯಾಂಪಿಗೆ ಹಾಕಿದರು. ಹಳ್ಳಿ ಸಭೆಗಳನ್ನು ನಡೆಸಿದ್ದು ನಮ್ಮ ಸಭಾಪಾಲಕರು, ಉಪದೇಶಿಗಳು. ಕುರ್ಚಿಯಲ್ಲಿ ಕೂತವರು ಬದಲಾಗಿದ್ದಕ್ಕೆ ಅದೂ ಒಂದು ಕಾರಣ ಇರಬಹುದು. ಆದರೆ ನಮ್ಮವರಿಗೆ ಅದಕ್ಕೂ ಮೊದಲೇ ಪಾದ್ರಿ ದೀಕ್ಷೆ ಕೊಟ್ಟಿದ್ದರು, ಹಾಗಾಗಿ ಇದೊಂದರಿಂದಲೇ ಇಸವಿ ಹೇಳಬೇಡಿ.

ಬಾಸೆಲ್‌ನಲ್ಲಿರುವ ಮಿಷನ್ ಆರ್ಕೈವಿನ ಹಳೇ ಫೋಟೋಗಳು ಆನ್‌ಲೈನಿನಲ್ಲಿ ಸಾವಿರಗಟ್ಟಲೆ ಇವೆ, ಒಮ್ಮೆ ಹುಡುಕಿ. ಒಂದೇ ಬೇಜಾರು. ಎಷ್ಟೋ ಫೋಟೋಗಳಲ್ಲಿ ಪಾದ್ರಿಯ ಹೆಸರು ಇರುತ್ತದೆ, ಪಕ್ಕದಲ್ಲಿರುವ ನಮ್ಮವರು ಸುಮ್ನೆ ‘ಕ್ರೈಸ್ತ ಕುಟುಂಬ’. ಹೆಸರು ಬೇಕಾದರೆ ಊರಿನ ದೀಕ್ಷಾಸ್ನಾನದ ರಿಜಿಸ್ಟರನ್ನೇ ತೆಗೆಸಬೇಕು. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹವನ್ನೂ ನೋಡಿ.

ಕತ್ತಲೆಕೋಣೆ:
ಮಬ್ಬು ಕಲೆ ನಾಯಿ ಇರಬೇಕು ಅಲ್ವಾ? ಆಗ ಲೆನ್ಸ್ ತೆರೆದರೆ ಸ್ವಲ್ಪ ಹೊತ್ತು ಯಾರೂ ಅಲುಗಾಡುವಂತಿರಲಿಲ್ಲ. ಪಾದ್ರಿ ಕಂಬದ ಹಾಗೆ ನಿಂತರು, ನಾಯಿಗೆ ಯಾರು ಹೇಳಬೇಕು. ಕಂದು ಬಣ್ಣ, ರಟ್ಟಿಗೆ ಅಂಟಿಸಿದ್ದು ಅಂದರೆ ಮೊಟ್ಟೆಯ ಬಿಳಿ ಸವರಿದ ಕಾಗದದ ಪ್ರಿಂಟ್ ಅನಿಸುತ್ತದೆ, 19ನೇ ಶತಮಾನದ್ದು. ಉಳಿದ ಎರಡನ್ನು ಓರೆಯಾಗಿ ಬೆಳಕಿಗೆ ಹಿಡಿಯಿರಿ. ಕಪ್ಪು ಜಾಗಗಳ ಅಂಚಿನಲ್ಲಿ ಕನ್ನಡಿಯ ಥರ ಬೆಳ್ಳಿ ಹೊಳಪು ಕಂಡರೆ ಅವು ಆಮೇಲಿನ ಕಾಲದವು.

ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ರಟ್ಟಿನಿಂದ ಬಿಡಿಸಲೂ ಬೇಡಿ. ನಮ್ಮ ತಾತನ ಇದ್ದೊಂದು ಫೋಟೋವನ್ನು ಒಂದು ಸ್ಟುಡಿಯೋದಲ್ಲಿ ‘ನೀಟಾಗಿ ಮಾಡಿಕೊಡ್ತೀವಿ’ ಅಂತ ರಟ್ಟಿನಿಂದ ಕಿತ್ತರು. ಮುಖ ಅರ್ಧ ರಟ್ಟಿನಲ್ಲೇ ಉಳಿಯಿತು. ನೆರಳಲ್ಲಿಟ್ಟು ಫ್ಲ್ಯಾಷ್ ಇಲ್ಲದೆ ಮೊಬೈಲಿನಲ್ಲಿ ತೆಗೆದುಕೊಂಡರೆ ಸದ್ಯಕ್ಕೆ ಸಾಕು. ಹಿಂದೆ ಹೆಸರು ಬರೆಯುವುದಾದರೆ ಮೆತ್ತನೆ ಪೆನ್ಸಿಲ್, ಬಾಲ್‌ಪೆನ್ ಬೇಡವೇ ಬೇಡ.

ಕಡಲತಡಿ:
ತುಂಬಾ ಥ್ಯಾಂಕ್ಸ್. ಹಂಚಿನ ಮೇಲೆ ಕಾಮನ್‌ವೆಲ್ತ್ ಅಂತಲೇ ಇದೆ. ಹಾಗಾದರೆ ಎರಡನೇ ಫೋಟೋದ ಮೇಲೆ ಮಾಡಿನ ಹಂಚು ಬದಲಾಯಿಸಿದ್ದಾರೋ ಏನೋ, ತಲೆಕೆಟ್ಟು ಹೋಗಿದೆ.

ನಿನ್ನೆ ರಿಜಿಸ್ಟರ್ ನೋಡಿ ಬಂದೆ. ಮೊದಲ ಹಾಳೆಗಳನ್ನು ಗೆದ್ದಲು ತಿಂದಿದೆ. ಉಳಿದದ್ದರಲ್ಲಿ ಅಪ್ಪನ ಕೆಲಸ ಅನ್ನುವ ಕಡೆ ಪುಟಗಟ್ಟಲೆ ‘ನೇಯ್ಗೆ’, ‘ಹಂಚಿನ ಕಾರ್ಖಾನೆ’. ಜಾತಿ ಬಿಟ್ಟು ಬಂದವರಿಗೆ ಗದ್ದೆ, ಗೇಣಿ ಎಲ್ಲ ತಪ್ಪಿದಾಗ ಮಿಷನ್ನಿನ ಮಗ್ಗವೇ ಗತಿಯಾಗಿತ್ತು ಅಂತ ಅಜ್ಜಿ ಹೇಳುತ್ತಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಅಜ್ಜಿಯ ಹೆಸರೂ ಸಿಕ್ಕಿತು, ಹುಟ್ಟಿದ ಹತ್ತೊಂಬತ್ತನೇ ದಿನ ದೀಕ್ಷಾಸ್ನಾನ. ಗ್ರೂಪಿನಲ್ಲಿ ಹಾಕಿದೆ. ಅಣ್ಣನ ಮಗ ‘ಬ್ಯಾಪ್ಟಿಸ್ಟ್’ ಅಳಿಸಿದ, 1865 ಮಾತ್ರ ಇನ್ನೂ ಹಾಗೇ ಬಿಟ್ಟಿದ್ದಾನೆ.