ಎಸ್‌ಸಿಎಫ್‌ಎಂ ಬರೆದ ಸೇಫ್ಟಿ ವಾಲ್ವ್ ಬಾಯ್ಲರ್‌ಗೆ ಸಾಲುತ್ತಾ?

ಪ್ರಶ್ನೆ (ರಬಕವಿ-ಬನಹಟ್ಟಿ, ನೂಲಿಗೆ ಗಂಜಿ ಹಾಕುವ ಸೈಜಿಂಗ್ ಘಟಕದ ಮೆಂಟೇನೆನ್ಸ್):
ಸರ್, ನಮಸ್ಕಾರ. ನಮ್ಮ ಬಾಯ್ಲರ್ ಗಂಟೆಗೆ 2 ಟನ್ ಸ್ಟೀಮ್ ಕೊಡುತ್ತದೆ, ಒತ್ತಡ ಚದರ ಸೆಂಟಿಮೀಟರಿಗೆ 10.5 ಕೆಜಿ. ಸೇಫ್ಟಿ ವಾಲ್ವ್ ಬದಲಿಸಬೇಕು. ಸ್ಟೋರಿನಲ್ಲಿ ಅದೇ ಸೆಟ್ ಒತ್ತಡದ (ವಾಲ್ವ್ ತೆರೆಯಲು ಶುರುವಾಗುವ ಒತ್ತಡ) ಹೊಸದೊಂದಿದೆ, ನೇಮ್‌ಪ್ಲೇಟ್ ಮೇಲೆ 'ಏರ್, 1500 ಎಸ್‌ಸಿಎಫ್‌ಎಂ' (ನಿಮಿಷಕ್ಕೆ ಅಷ್ಟು ಸ್ಟ್ಯಾಂಡರ್ಡ್ ಘನ ಅಡಿ) ಅಂತಿದೆ. ಮೊಬೈಲ್ ಆ್ಯಪ್‌ನಲ್ಲಿ ಹಾಕಿದರೆ ಗಂಟೆಗೆ 3,120 ಕೆಜಿ ಬಂತು. ಹಾಗಾದರೆ ಆರಾಮಾಗಿ ಸಾಲುತ್ತದೆ, ಅಲ್ವಾ?

ಉತ್ತರ (ಬಾಯ್ಲರ್ ಎಂಜಿನಿಯರ್):
ಇಲ್ರಿ, ಸಾಲುವುದಿಲ್ಲ. ದಯವಿಟ್ಟು ಅದನ್ನು ಕೂರಿಸಬೇಡಿ.

ಆ್ಯಪ್ ಲೆಕ್ಕ ತಪ್ಪಿಲ್ಲ. 15.6 ಡಿಗ್ರಿ ಸೆಲ್ಸಿಯಸ್, ವಾತಾವರಣದ ಒತ್ತಡದಲ್ಲಿ ಒಂದು ಘನ ಅಡಿ ಗಾಳಿ ಸುಮಾರು 34.6 ಗ್ರಾಂ ತೂಗುತ್ತದೆ. ನಿಮಿಷಕ್ಕೊಂದರಂತೆ ಗಂಟೆಗೆ 2.08 ಕೆಜಿ. ಆದರೆ ಅದು ಗಾಳಿಯ ತೂಕ. ನಿಮಗೆ ಬೇಕಾದದ್ದು ಸ್ಟೀಮಿನ ತೂಕ.

ಸ್ಟೀಮು ಗಾಳಿಗಿಂತ ಹಗುರ. ಅಣುತೂಕ ಗಾಳಿಯದು 29, ಸ್ಟೀಮಿನದು 18. ಮೇಲಾಗಿ ಬಿಸಿ ಜಾಸ್ತಿ. ಅದೇ ಒತ್ತಡ, ಅದೇ ರಂಧ್ರ ಇದ್ದರೂ ಹೊರಬೀಳುವ ಕೆಜಿ ಕಡಿಮೆ. ಸ್ಯಾಚುರೇಟೆಡ್ ಸ್ಟೀಮಿಗೆ (ಆ ಒತ್ತಡದಲ್ಲಿ ನೀರು ಕುದಿಯುವ ಉಷ್ಣತೆಯಲ್ಲೇ ಇರುವ ಸ್ಟೀಮು) ಗಾಳಿಯ ತೂಕದ ಸುಮಾರು 61 ಪ್ರತಿಶತ ಹಿಡಿಯಿರಿ. ಅಂದರೆ 1 ಎಸ್‌ಸಿಎಫ್‌ಎಂ ಗಾಳಿಗೆ ಗಂಟೆಗೆ 1.27 ಕೆಜಿ ಸ್ಟೀಮು. ನಿಮ್ಮ 1500ಕ್ಕೆ ಬರುವುದು ಬರೀ 1,900 ಕೆಜಿ. ಬಾಯ್ಲರ್ ಪೂರ್ತಿ ಉರಿಯುತ್ತಿರುವಾಗ ಮೇನ್ ವಾಲ್ವ್ ಬಂದಾದರೆ, ವಾಲ್ವ್ ತೆರೆದುಕೊಂಡರೂ ಒತ್ತಡ ಏರುತ್ತಲೇ ಇರುತ್ತದೆ. ಪಕ್ಕದಲ್ಲಿ ಕೆಲಸಗಾರರಿರುತ್ತಾರೆ, ಅದೇ ನನಗೆ ಚಿಂತೆ.

ಲೆಕ್ಕ ಸಾಕಷ್ಟು ಬಂದಿದ್ದರೂ ಇದನ್ನು ಒಪ್ಪುತ್ತಿರಲಿಲ್ಲ. ಬಾಯ್ಲರ್‌ಗೆ ಐಬಿಆರ್ (ಭಾರತೀಯ ಬಾಯ್ಲರ್ ನಿಯಮಾವಳಿ) ಸರ್ಟಿಫಿಕೇಟ್ ಇರುವ ಸ್ಟೀಮ್ ವಾಲ್ವೇ ಬೇಕು. ಡೀಲರ್‌ಗೆ ಸೆಟ್ ಒತ್ತಡ, ಸ್ಯಾಚುರೇಟೆಡ್ ಸ್ಟೀಮು ಗಂಟೆಗೆ ಎಷ್ಟು ಕೆಜಿ, ಎರಡನ್ನೂ ಬರೆದು ಕೊಡಿ.

ಪ್ರಶ್ನೆ (ಅದೇ ಸದಸ್ಯರು):
ತಿಳೀತು ಸರ್, ಹೊಸದಕ್ಕೆ ಆರ್ಡರ್ ಕೊಡ್ತೀವಿ. ಮುಂದೆ ಬಾಯ್ಲರ್ 7 ಕೆಜಿಗೆ ಓಡಿಸುವ ವಿಚಾರ ಇದೆ. ಅದೇ ವಾಲ್ವಿನ ಸ್ಪ್ರಿಂಗ್ ಸಡಿಲ ಮಾಡಿದರೆ ನಡೆಯುತ್ತಾ?

ಉತ್ತರ:
ಒತ್ತಡ ಇಳಿದರೆ ಸಾಮರ್ಥ್ಯವೂ ಇಳಿಯುತ್ತದೆ. ಲೆಕ್ಕಕ್ಕೆ ಗೇಜ್ ಒತ್ತಡ (ಮೀಟರ್ ತೋರಿಸುವುದು) ಸಾಲದು. 10 ಪ್ರತಿಶತ ಹೆಚ್ಚುವರಿ ಒತ್ತಡ, ಅದರ ಮೇಲೆ ವಾತಾವರಣದ 1.03 ಸೇರಿಸಿ. 10.5ಕ್ಕೆ 12.6, 7ಕ್ಕೆ 8.7. ಅಂದರೆ 70 ಪ್ರತಿಶತಕ್ಕೂ ಸ್ವಲ್ಪ ಕಡಿಮೆ. ಸ್ಪ್ರಿಂಗಿಗೂ ಅದರದೇ ಒತ್ತಡದ ಮಿತಿ ಇರುತ್ತದೆ, ಸುಮ್ನೆ ತಿರುಗಿಸಬೇಡಿ.

ಪ್ರಶ್ನೆ (ಬೆಳಗಾವಿ, ಉದ್ಯಮಬಾಗ್):
ನಮ್ಮದು ಕಂಪ್ರೆಸರ್ ಟ್ಯಾಂಕ್, ಬರೀ ಗಾಳಿ. ಎಸ್‌ಸಿಎಫ್‌ಎಂ ಅನ್ನು 1.7ರಿಂದ ಗುಣಿಸಿದರೆ ಗಂಟೆಗೆ ಎಷ್ಟು ನಾರ್ಮಲ್ ಘನ ಮೀಟರ್ ಅಂತ ಬರುತ್ತದಾ?

ಉತ್ತರ:
1.7 ಬಂದದ್ದು 15.6 ಡಿಗ್ರಿಗೆ. ನಾರ್ಮಲ್ ಅಂದರೆ 0 ಡಿಗ್ರಿ, ಅದಕ್ಕೆ 1.61 ಹಿಡಿಯಿರಿ.